ಪ್ರಾಜೆಕ್ಟ್‌ಗೆ ಮುಂಚಿನ ಒಂದು ವರ್ಷ

ನನ್ನ ಮಗಳು ಫಿಲಡೆಲ್ಫಿಯಾ ಹತ್ತಿರದ ಕಾಲೇಜೊಂದರಲ್ಲಿ ಭಾಷಾವಿಜ್ಞಾನ ಓದುತ್ತಿದ್ದಾಳೆ, ಮೂರನೇ ವರ್ಷ. ಆನರ್ಸ್ ಥೀಸಿಸ್, ಅಂದರೆ ಪದವಿಯ ಕೊನೆಯ ಸಂಶೋಧನಾ ಪ್ರಬಂಧ, ಬರೆಯುವುದು ಮುಂದಿನ ವರ್ಷ. ತಯಾರಿ ಮಾತ್ರ ಆಗಲೇ ಶುರುವಾಗಿ ಆರು ತಿಂಗಳಾಯಿತು.

ಮೊದಲ ಸಲ ಮೇಷ್ಟ್ರ ಹತ್ತಿರ ಹೋದಾಗ ಅವಳ ಪ್ರಶ್ನೆ, 'ಅಮೆರಿಕದಲ್ಲಿ ಕನ್ನಡ ಏನಾಗುತ್ತಿದೆ?' ಅದಕ್ಕೆ ಒಂದು ಜನ್ಮ ಬೇಕು, ಚಿಕ್ಕದು ಮಾಡಿಕೊಂಡು ಬಾ ಎಂದು ಕಳಿಸಿದರಂತೆ. ಎರಡನೇ ಸಲ ಇಲ್ಲಿ ಹುಟ್ಟಿದ ಮಕ್ಕಳ ವ್ಯಾಕರಣಕ್ಕೆ ಇಳಿಸಿದಳು. ಅದೂ ದೊಡ್ಡದಾಯಿತು. ಮೂರನೇ ಸಲಕ್ಕೆ ಉಳಿದದ್ದು ಒಂದು ವಿಭಕ್ತಿ. 'ನನಗೆ ಗೊತ್ತು', 'ನನಗೆ ಹಸಿವು' ಎನ್ನುವ ಕಡೆ ಚತುರ್ಥಿಯ 'ಗೆ' ಬಿಟ್ಟು 'ನಾನು ಗೊತ್ತು' ಎನ್ನುತ್ತವಲ್ಲ ಕೆಲವು ಮಕ್ಕಳು, ಯಾವ ವಯಸ್ಸಿನಲ್ಲಿ, ಯಾವ ಕ್ರಿಯಾಪದಗಳ ಜೊತೆ? ಭಾನುವಾರದ ಕನ್ನಡ ತರಗತಿಯಲ್ಲಿ ನಾವು ವರ್ಷಗಟ್ಟಲೆ ತಿದ್ದಿದ ತಪ್ಪು ಅದು. ತಿದ್ದಿದೆವೇ ಹೊರತು ಯಾಕೆ ಹೀಗಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಮಕ್ಕಳ ಮಾತು ರೆಕಾರ್ಡ್ ಮಾಡಲು ಕಾಲೇಜಿನ ನೈತಿಕ ಪರಿಶೀಲನಾ ಮಂಡಳಿ ಒಪ್ಪಬೇಕು. ತಂದೆತಾಯಿಯರ ಸಹಿ ಸಾಲದು, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ ಅದರ ಒಪ್ಪಿಗೆಯನ್ನೂ ಕೇಳಬೇಕು. ನಮ್ಮ ಸಂಘದವರ ಮಕ್ಕಳೇ ತಾನೇ, ಇಷ್ಟೊಂದು ಕಾಗದ ಯಾಕೆ ಎಂದು ಮೊದಲು ನನಗೂ ಅನಿಸಿತು. ಅದರ ಹಿಂದಿನ ಕಥೆ ಓದಿದ ಮೇಲೆ ಸುಮ್ಮನಾದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಸಂಶೋಧಕರು ಸಿಫಿಲಿಸ್ ಇದ್ದ ಕಪ್ಪು ಜನರಿಗೆ ಚಿಕಿತ್ಸೆ ಕೊಡದೆ ಬರೀ ನೋಡುತ್ತಾ ಕೂತರು. ಅದು ಬಯಲಾದ ಮೇಲೆ, 1974ರಲ್ಲಿ, ಇಂಥ ಪರಿಶೀಲನೆ ಬೇಕೆಂಬ ಕಾನೂನು ಇಲ್ಲಿ ಬಂತು. ಇಪ್ಪತ್ತು ವರ್ಷದ ಹುಡುಗಿ ಈ ಚರಿತ್ರೆ ತಿಳಿದು ಒಂದು ಮಗುವಿನ ಮುಂದೆ ಕೂರುತ್ತಾಳಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಾನು ಊರಲ್ಲಿ ಎಂ.ಎಸ್ಸಿ. ಮಾಡುವಾಗ ಪ್ರಾಜೆಕ್ಟ್ ವಿಷಯಗಳ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಹೆಸರಿನ ಮುಂದೆ ಒಂದು ನಂಬರು. ಸೀನಿಯರ್ ವರದಿ ನೋಡಿ ಬರೆದೆವು, ರೆಕ್ಸಿನ್ ಹೊದಿಸಿ ಚಿನ್ನದ ಅಕ್ಷರ ಹಾಕಿಸಿದೆವು, ಹತ್ತು ನಿಮಿಷದ ವೈವಾ ಮುಗಿಯಿತು. ನನ್ನ ಗೈಡ್ ಬಂಗಾರದಂಥವರು. ರಾತ್ರಿ ಎಂಟರವರೆಗೆ ಪಕ್ಕದಲ್ಲೇ ನಿಂತು ಬೆಸುಗೆ ಹಾಕುವುದು ಕಲಿಸಿದರು. ಇಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದೆ ಅಷ್ಟು ಹೊತ್ತು ಯಾರೂ ಕೊಡುವುದಿಲ್ಲ. ಆದರೆ ನಿನಗೇನು ತಿಳಿಯಬೇಕಾಗಿದೆ ಎಂದು ಆ ಎರಡು ವರ್ಷದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ.

ಭಾರತದ ಪದವಿಗಳಿಗೆ ಯುಜಿಸಿ 2022ರಲ್ಲಿ ಕೊಟ್ಟ ಚೌಕಟ್ಟಿನಲ್ಲಿ 'ಸಂಶೋಧನೆಯೊಂದಿಗೆ ಆನರ್ಸ್' ಇದೆ: ಮೊದಲ ಆರು ಸೆಮಿಸ್ಟರಿನಲ್ಲಿ 75 ಶೇಕಡಾ ತೆಗೆದವರಿಗೆ ನಾಲ್ಕನೇ ವರ್ಷದಲ್ಲಿ 12 ಕ್ರೆಡಿಟ್‌ನ ಪ್ರಾಜೆಕ್ಟ್. ಕರ್ನಾಟಕ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬೇರೆ ರಾಜ್ಯಗಳಿಗಿಂತ ಮೊದಲು ನಾಲ್ಕು ವರ್ಷದ ಪದವಿಗೆ ಹೋಯಿತು, 2024ರಲ್ಲಿ ಮೂರಕ್ಕೆ ಮರಳಿತು. ಇನ್ನೊಂದು ವರ್ಷದ ಫೀಸು, ಹಾಸ್ಟೆಲ್ ಖರ್ಚು ಬಡವರ ಮನೆಗೆ ಎಷ್ಟು ಭಾರವೆಂದು ನಾನು ಕಂಡವನು, ಆ ತೀರ್ಮಾನವನ್ನು ಹಳಿಯಲಾರೆ. ನನ್ನ ಬೇಸರ ಬೇರೆ. ಇಡೀ ಜಗಳ ವರ್ಷಗಳ ಲೆಕ್ಕದಲ್ಲೇ ಕಳೆಯಿತು. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲಿ ಶುರುಮಾಡಿದ ವ್ಯವಸ್ಥೆಯಲ್ಲಿ ಮೊದಲ ವರ್ಷದ ಹುಡುಗರೂ ಪ್ರಾಧ್ಯಾಪಕರ ಸಂಶೋಧನೆಗೆ ಸೇರಬಹುದು. ಅದಕ್ಕೆ ನಾಲ್ಕನೇ ವರ್ಷ ಬರುವವರೆಗೆ ಕಾಯಬೇಕಿಲ್ಲ. ನಮ್ಮ ಮೂರು ವರ್ಷದೊಳಗೂ ಅದಕ್ಕೆ ಜಾಗ ಮಾಡಬಹುದಿತ್ತು, ಈಗಲೂ ಮಾಡಬಹುದು.

ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುವ ತಮ್ಮನ ಮಗನನ್ನು ಹೋದ ತಿಂಗಳು ಫೋನಿನಲ್ಲಿ ಕೇಳಿದೆ, ನಿನಗೇನು ತಿಳಿಯಬೇಕೋ ಅಂತ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ದೊಡ್ಡಪ್ಪ, ನಮ್ಮ ಬೀದಿ ಬೋರ್‌ವೆಲ್ ನೀರು ಕಾಸಿದರೆ ಪಾತ್ರೆಗೆ ಬಿಳಿ ಕಟ್ಟುತ್ತೆ, ಹಿಂದಿನ ಬೀದಿದು ಅಷ್ಟು ಕಟ್ಟಲ್ಲ. ಯಾಕೆ?" ಎಂದ. ನೀರಿನ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಷನ್ ಅವನು ಲ್ಯಾಬಿನಲ್ಲಿ ಆಗಲೇ ಮಾಡಿದ್ದಾನೆ, ಅಟೆಂಡರ್ ಕೊಟ್ಟ ಬಾಟಲಿಯ ನೀರಿಗೆ. ಮೊನ್ನೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದ: ಹನ್ನೊಂದು ಬಾಟಲಿ ನೀರು, ಒಂದೊಂದರ ಮೇಲೂ ಮನೆಯ ಹೆಸರು, ತಾರೀಖು.