ಪೆರ್ಲದ ಏರಿಗೆ ಡ್ರ್ಯಾಗ್ ಇಂಜಿನ್ ಬೇಡ

ಕಳೆದ ವಾರ ಒಬ್ಬ ಹುಡುಗ ಹಳೆ ಮಾರುತಿ ಎಸ್ಟೀಮ್ ಕಾರಿನ ಇಂಜಿನ್ ಬಿಚ್ಚಿ, ಪಿಕಪ್ಪಿನಲ್ಲಿ ಹಾಕಿಕೊಂಡು ಬದಿಯಡ್ಕದ ನಮ್ಮ ಲೇತ್ ವರ್ಕ್‌ಶಾಪಿಗೆ ಬಂದಿದ್ದ. "ಅಣ್ಣಾ, ಡ್ರ್ಯಾಗ್ ಕಾರಿಗೆ ಮಾಡುವ ಹಾಗೆಯೇ ಮಾಡಿಕೊಡಿ, ದುಡ್ಡು ಎಷ್ಟಾದರೂ ಆಗಲಿ" ಅಂದ. ಗಾಡಿ ಎಲ್ಲಿ ಓಡಿಸುವುದು ಅಂತ ಕೇಳಿದೆ. ದಿನಾ ಪೆರ್ಲದಿಂದ ಕಾಸರಗೋಡಿಗೆ, ಕೆಲಸಕ್ಕೆ!

ಇಂಥವರು ಬಂದಾಗೆಲ್ಲ ಹೊಟ್ಟೆ ಉರಿಯುತ್ತದೆ. ಅವರಿಗೆ ಕಾರಿನ ಮೇಲಿರುವ ಪ್ರೀತಿ ನನಗೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಡ್ರ್ಯಾಗ್ ಅಂದರೆ ನೇರ ದಾರಿಯಲ್ಲಿ ಸ್ವಲ್ಪವೇ ದೂರದ ರೇಸು. ಅದರ ಇಂಜಿನ್ನಿನ ಆಯುಸ್ಸು ಲೆಕ್ಕ ಹಾಕುವುದೇ ಬೇರೆ ಥರ. ಅಮೆರಿಕದ ಟಾಪ್ ಫ್ಯೂಯೆಲ್ ಅನ್ನುವ ವರ್ಗದ ಡ್ರ್ಯಾಗ್ ಕಾರಿನ 8.2 ಲೀಟರ್ ಇಂಜಿನ್ 10,000 ಎಚ್‌ಪಿಗೂ ಮೇಲೆ ಕೊಡುತ್ತದೆ. ಓಟ 1,000 ಅಡಿ, ನಾಲ್ಕು ಸೆಕೆಂಡಿನ ಆಸುಪಾಸು. ಅಷ್ಟಾದ ಮೇಲೆ ಇಂಜಿನ್ ಬಿಚ್ಚಿ ಮತ್ತೆ ಕಟ್ಟುತ್ತಾರೆ. ನಮ್ಮ ಎಸ್ಟೀಮಿಗೆ 1,298 ಸಿಸಿ. ಅದು ಮಳೆಗಾಲದ ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಆಗಬೇಕು, ಬಸ್ಸಿನ ಹಿಂದೆ ಎರಡನೇ ಗೇರಿನಲ್ಲಿ ಏರು ಹತ್ತಬೇಕು.

ಖರ್ಚು ಎಲ್ಲಿ ಏರುತ್ತದೆ ಅಂದರೆ, ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದರಲ್ಲಿ. 6,000ದಿಂದ 8,500ಕ್ಕೆ ಹೋದರೆ ಪಿಸ್ಟನ್ನು ತನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡನ್ನು ಎಳೆಯುವ ಬಲ ಸುಮಾರು ಎರಡು ಪಟ್ಟು ಆಗುತ್ತದೆ. ಆಗ ಕಂಪೆನಿಯ ರಾಡು, ಬೋಲ್ಟು ಸಾಲವು. ಫೋರ್ಜ್ಡ್ (ಒತ್ತಿ ಗಟ್ಟಿ ಮಾಡಿದ ಲೋಹದ) ಪಿಸ್ಟನ್, ಫೋರ್ಜ್ಡ್ ರಾಡು, ಬ್ಯಾಲೆನ್ಸಿಂಗ್ ಎಲ್ಲ ಸೇರಿ ಲಕ್ಷ ದಾಟುತ್ತದೆ. ಮಾಮೂಲಿ ಬೋರಿಂಗ್ (ಸಿಲಿಂಡರಿನ ತೂತು, ಅಂದರೆ ಬೋರು, ಕೊರೆದು ದೊಡ್ಡದು ಮಾಡುವುದು), ಹೋನಿಂಗ್ (ಅದರ ಒಳಮೈ ಉಜ್ಜಿ ಸರಿ ಮಾಡುವುದು), ಹೆಡ್ ಫೇಸಿಂಗ್ (ಇಂಜಿನ್ನಿನ ಮೇಲಿನ ಹೆಡ್ಡಿನ ತಳ ತೆಗೆದು ಸಪಾಟು ಮಾಡುವುದು) ಆದರೆ ಸಾವಿರಗಳಲ್ಲೇ ಮುಗಿಯುತ್ತದೆ. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಬೋರಿನಲ್ಲಿ ಸಡಿಲ ಬಿಡಬೇಕು. ಬೆಳಿಗ್ಗೆ ಬಿಸಿಯಾಗುವ ತನಕ ಕಟಕಟ ಸದ್ದು, ಆಯಿಲೂ ಹೆಚ್ಚು ಕುಡಿಯುತ್ತದೆ. ವಾಲ್ವ್ ತೆರೆದು ಮುಚ್ಚುವ ಕ್ಯಾಮನ್ನು ಡ್ರ್ಯಾಗಿನದ್ದು ಹಾಕಿದರೆ ಕಡಿಮೆ ಆರ್‌ಪಿಎಂನ ಎಳೆತ ಹೋಗುತ್ತದೆ, ಏರಿನಲ್ಲಿ ಬೇಕಾದದ್ದು ಅದೇ.

ನನಗೂ ಒಮ್ಮೆ ಏಟು ಬಿದ್ದಿದೆ. ನನ್ನ ಸ್ವಂತ ಗಾಡಿಯ ಹೆಡ್ಡನ್ನು ಹೊರಗೆ ಒಂದು ಕಡೆ ಫೇಸಿಂಗಿಗೆ ಕೊಟ್ಟಿದ್ದೆ. ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ಹೆಚ್ಚಲಿ ಅಂತ ಅವರು, ನಾನು ಹೇಳಿದ್ದಕ್ಕಿಂತ ಜಾಸ್ತಿ ತೆಗೆದರು. ಪಂಪಿನ ಪೆಟ್ರೋಲಿಗೆ ಏರಿನಲ್ಲಿ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿ ಸಿಡಿದು ಬಡಿಯುವುದು, ಶುರುವಾಯಿತು. ಹೆಡ್ ತಗ್ಗಿದ್ದರಿಂದ ಕ್ಯಾಮ್ ಟೈಮಿಂಗೂ ಹಿಂದೆ ಬಿದ್ದಿತ್ತು. ಎರಡು ತಿಂಗಳಲ್ಲಿ ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಒಡೆಯಿತು. ಆ ಪಿಸ್ಟನ್ನು ಇವತ್ತೂ ನನ್ನ ಬೆಂಚಿನ ಮೇಲಿದೆ, ಬಂದವರಿಗೆಲ್ಲ ಕೈಗೆ ಕೊಟ್ಟು ತೋರಿಸುತ್ತೇನೆ.

ಡ್ರ್ಯಾಗಿನವರಿಂದ ಕಲಿಯಬೇಕಾದ ಕೆಲಸವೂ ಇದೆ. ಬ್ಲಾಕಿನ ಮೇಲೆ ದಪ್ಪ ಉಕ್ಕಿನ ಪ್ಲೇಟು ಕೂರಿಸಿ, ಹೆಡ್ ಬೋಲ್ಟಿನಷ್ಟೇ ಟಾರ್ಕಿಗೆ ಬಿಗಿದು, ಹಾಗೇ ಹೋನಿಂಗ್ ಮಾಡುತ್ತಾರೆ. ಬೋಲ್ಟ್ ಬಿಗಿದಾಗ ಬೋರು ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ, ಪ್ಲೇಟಿದ್ದರೆ ಅದೂ ಸರಿಹೋಗುತ್ತದೆ. ದುಡ್ಡಿದ್ದರೆ ಇಂಥದ್ದಕ್ಕೆ ಹಾಕಿ. ಕ್ರ್ಯಾಂಕ್ ಬ್ಯಾಲೆನ್ಸಿಂಗಿಗೆ ಹಾಕಿ. ವಾಲ್ವ್ ಕೂರುವ ಸೀಟು ಮೂರು ಕೋನದಲ್ಲಿ ಕಟ್ ಮಾಡಿಸಿ. ಪವರ್ ಸ್ವಲ್ಪವೇ ಏರಬಹುದು, ಆದರೆ ಇಂಜಿನ್ ವರ್ಷಗಟ್ಟಲೆ ಮೆತ್ತಗೆ ತಿರುಗುತ್ತದೆ.

ಹುಡುಗ ಮುಖ ಸಣ್ಣ ಮಾಡಿದ, ಆದರೆ ಬ್ಲಾಕ್ ಬಿಟ್ಟು ಹೋದ. ನಿನ್ನೆ ಬೋರ್ ಗೇಜ್ ಹಾಕಿ ಅಳೆದೆ, ಮೂರನೇ ಸಿಲಿಂಡರ್ ಮಾತ್ರ ಮೇಲ್ಗಡೆ ಸವೆದಿದೆ. 0.25 ಮಿ.ಮೀ. ಓವರ್‌ಸೈಜ್ (ಮೂಲ ಅಳತೆಗಿಂತ ದೊಡ್ಡ) ಪಿಸ್ಟನ್ನಿಗೆ ಮಂಗಳೂರಿಗೆ ಫೋನ್ ಮಾಡಿದ್ದೇನೆ. ಅದು ಕೈಗೆ ಬಂದು, ಅಳೆದ ಮೇಲೆಯೇ ಬೋರಿಂಗ್.