ಅವ್ವನ ಬಾಯಿಂದ ಅಪ್ಪನ ಹೆಸರು ಹೇಳಿಸಿದರು

ಈಗಷ್ಟೇ ಮನೆಗೆ ಬಂದೆವು. ಅವ್ವ ಚಹಾನೂ ಬೇಡ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ನನ್ನ ಕೈ ಇನ್ನೂ ನಡುಗುತ್ತಿದೆ.

ಅಪ್ಪನ ಮರಣ ಪ್ರಮಾಣಪತ್ರದಲ್ಲಿ ಹೆಸರಿನ ಕೊನೆಗೆ ಬಿಟ್ಟುಹೋದ ಒಂದು ‘ಪ್ಪ’. ಅದಕ್ಕೋಸ್ಕರ ಇಷ್ಟೆಲ್ಲ. ಆಸ್ಪತ್ರೆಯವರು ಕಳಿಸಿದ ಫಾರಂನಲ್ಲಿ ಹೆಸರು ಸರಿಯಾಗಿದೆ, ಜೆರಾಕ್ಸ್ ನನ್ನ ಹತ್ತಿರವೇ ಇದೆ. ಟೈಪ್ ಮಾಡುವಾಗ ಬಿಟ್ಟವರು ಈ ನೋಂದಣಿ ಕಚೇರಿಯವರು. ಅದನ್ನು ತಿದ್ದಿಸದಿದ್ದರೆ ಅವ್ವನ ಪೆನ್ಷನ್ ಆಗಲ್ಲ ಅಂತ ಬ್ಯಾಂಕಿನಲ್ಲಿ ಹೇಳಿದರು. ಕಚೇರಿಯವರು ಅಫಿಡವಿಟ್ ಕೇಳಿದರು, ಮಾಡಿಸಿದೆ. ನೋಟರಿ ಸೀಲು ಸರಿಯಾಗಿ ಮೂಡಿಲ್ಲ ಅಂದರು, ಮತ್ತೆ ಹಾಕಿಸಿದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಸರ್ವರ್ ಇಲ್ಲ, ಆ ಟೇಬಲ್ಲಿನವರು ರಜೆ. ಐದು ಸಲ ಅಲೆದೆ. ಸಹಿಸಿಕೊಂಡೆ. ಕೊನೆಗೆ ‘ಹೆಂಡತೀನೇ ಬರಬೇಕು’ ಅಂದರು.

ಮಂಡಿನೋವಿನ ಅವ್ವ ಎರಡು ಮಹಡಿ ಹತ್ತಿದಳು.

‘ಗಂಡನ ಹೆಸರೇನ್ರಿ?’

ಅವ್ವ ಮಾತಾಡಲಿಲ್ಲ. 48 ವರ್ಷದ ಸಂಸಾರದಲ್ಲಿ ಅವಳು ಅಪ್ಪನ ಹೆಸರು ಹಿಡಿದು ಕರೆದವಳಲ್ಲ. ‘ಇವರು’ ಅನ್ನುತ್ತಿದ್ದಳು, ಇಲ್ಲ ‘ಮಾಸ್ತರು’. ನಮ್ಮ ಕಡೆ ಮದುವೆ, ಕುಬಸದಲ್ಲಿ (ಸೀಮಂತದಲ್ಲಿ) ಒಡಪು, ಅಂದರೆ ಪ್ರಾಸದ ಸಾಲು, ಹಾಕಿ ಗಂಡನ ಹೆಸರು ಹೇಳಿಸುತ್ತಾರೆ. ಸೆರಗು ಬಾಯಿಗೆ ಅಡ್ಡ ಹಿಡಿದು, ನಗುತ್ತಾ, ಒಡಪಿನ ಕೊನೆಗೆ ಆ ಹೆಸರನ್ನು ಸರಕ್ಕನೆ ಹೇಳಿ ಮುಗಿಸುತ್ತಿದ್ದಳು. ಅದು ಬಿಟ್ಟರೆ ಅವಳ ಬಾಯಲ್ಲಿ ಆ ಹೆಸರು ನಾನು ಕೇಳಿದ್ದೇ ಇಲ್ಲ.

ಅಪ್ಪನ ಆಧಾರ್ ಕಾರ್ಡ್ ಮುಂದೆ ಹಿಡಿದಳು. ‘ಇಲ್ಲೈತ್ರಿ.’ ಅವಳ ಬೆರಳು ಸರಿಯಾಗಿ ಆ ‘ಪ್ಪ’ದ ಮೇಲೇ ಇತ್ತು.

‘ನನಗೂ ಓದಾಕ ಬರ್ತೈತಿ. ಬಾಯಿಬಿಟ್ಟು ಹೇಳ್ರಿ.’

ನಾನು ಹೇಳ್ತೀನಿ ಸರ್ ಅಂದೆ. ‘ನಿಮ್ಮನ್ನ ಕೇಳಿಲ್ಲ.’

ಅವ್ವ ಮೆಲ್ಲಗೆ ಹೇಳಿದಳು. ‘ಕೇಳಸ್ಲಿಲ್ಲ, ಜೋರಾಗಿ.’ ಮತ್ತೆ ಹೇಳಿದಳು. ‘ಕೊನೀಗೆ ಪ್ಪ ಐತೋ ಇಲ್ಲೋ? ಬಿಡಿಸಿ ಹೇಳ್ರಿ.’ ಮೂರನೇ ಸಲ ಹೇಳುವಾಗ ಹೆಸರಿನ ಅರ್ಧಕ್ಕೇ ಅವಳ ದನಿ ನಿಂತುಹೋಯಿತು. ಹಿಂದೆ ಸರದಿಯಲ್ಲಿದ್ದ ಯಾರೋ ನಕ್ಕರು. ನನ್ನ ಅಪ್ಪನ ಹೆಸರಿಗೆ ನಕ್ಕರು! ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ.

‘ಇಷ್ಟು ಹೇಳಾಕ ಇಷ್ಟೊತ್ತೇನ್ರಿ? ಸೋಮವಾರ ಬರ್ರಿ.’

ನಾನು ಆಗ ಜಗಳ ಆಡಬೇಕಿತ್ತು. ಆಡಲಿಲ್ಲ. ಫೈಲ್ ಅವರ ಕೈಯಲ್ಲಿದೆಯಲ್ಲ, ಅದಕ್ಕೇ ‘ಆಯ್ತು ಸರ್’ ಅಂದೆ. ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

1969ರ ಜನನ ಮರಣ ನೋಂದಣಿ ಕಾಯ್ದೆ ತೆಗೆದು ನೋಡಿದೆ. ತಪ್ಪು ನಮೂದು ಆಗಿದೆ ಅಂತ ಖಾತ್ರಿಯಾದರೆ ನೋಂದಣಿ ಅಧಿಕಾರಿಯೇ ತಿದ್ದಬಹುದು ಅಂತ 15ನೇ ಕಲಂನಲ್ಲಿದೆ. ಖಾತ್ರಿಗೆ ಆಸ್ಪತ್ರೆಯ ಫಾರಂ ಸಾಲದಾ? ಸಕಾಲ ಕಾಯ್ದೆ 2011ರಲ್ಲೇ ಬಂತು. ಅದರಡಿ ಬರುವ ಕೆಲಸ ಹೇಳಿದ ದಿನಕ್ಕೆ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ದಿನ ಲೆಕ್ಕ ಹಾಕೋಕೆ ಕೈಯಲ್ಲಿ ಒಂದು ಚೀಟಿಯಾದರೂ ಬೇಕಲ್ವಾ? ನನ್ನ ಅರ್ಜಿಗೆ ಸ್ವೀಕೃತಿಯನ್ನೇ ಕೊಟ್ಟಿಲ್ಲ. ಕೇಳಿದರೆ ‘ನಂಬಿಕಿ ಇಲ್ಲೇನ್ರಿ’ ಅಂತಾರೆ. ಇಲ್ಲ, ನಂಬಿಕೆ ಇಲ್ಲ!

ಹೋಗಲಿ, ಅವರಿಗೂ ಕೆಲಸ ಜಾಸ್ತಿ. ಒಂದು ಟೇಬಲ್ಲಿಗೆ ಅಷ್ಟುದ್ದ ಸಾಲು, ಫ್ಯಾನೂ ತಿರುಗುತ್ತಿರಲಿಲ್ಲ. ಯಾರ ಹತ್ತಿರ ಹೇಳಿಕೊಂಡರೂ ಏನೂ ಆಗಲ್ಲ, ಸುಮ್ನೆ ತಿದ್ದಿಸಿಕೊಂಡು ಬಂದರಾಯಿತು ಅಂತ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಆದರೆ ಯಾಕೆ ಸುಮ್ಮನಿರಬೇಕು? ತಪ್ಪು ಮಾಡಿದವರು ಕುರ್ಚಿಯಲ್ಲಿ ಕೂತಿದ್ದಾರೆ, ನನ್ನ ಅವ್ವ ನಿಂತುಕೊಂಡು ಉತ್ತರ ಕೊಡಬೇಕಾ? ಹೆಂಡತಿ ಬಾಯಿಬಿಟ್ಟು ಹೇಳಬೇಕು ಅಂತ ಯಾವ ನಿಯಮದಲ್ಲಿದೆ? ಆ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಸ್ ಇಳಿಯುವಾಗ ಅವ್ವ ಒಂದೇ ಮಾತು ಕೇಳಿದಳು. ‘ಸೋಮವಾರನೂ ಹೆಸರು ಕೇಳ್ತಾರೇನು?’

ಅವಳನ್ನು ಕರೆದುಕೊಂಡು ಹೋಗದೆ ಈ ಕೆಲಸ ಮುಗಿಸುವ ದಾರಿ ಇದೆಯಾ? ಇವತ್ತು ಗುರುವಾರ.