ಇನ್ನೂ 46 ಬಾಕಿ

ಕಳೆದ ವಾರ ಕನ್ನಡ ಕೂಟದ ಊಟದ ಸಾಲಿನಲ್ಲಿ ಗೆಳೆಯನೊಬ್ಬ ಕೇಳಿದ. "ಇನ್ನೂ ಮುಗಿದಿಲ್ವೇನೋ ನಿನ್ನ ಕಾರ್ಡು? ಒಂಬತ್ತು ವರ್ಷ ಆಯ್ತಲ್ಲೋ, ಬೇಜಾರಾಗಲ್ವಾ?" ಕೈಯಲ್ಲಿ ಬಿಸಿಬೇಳೆಬಾತ್ ತಟ್ಟೆ, ಹಿಂದೆ ಹಸಿದ ಜನ. "ಆಗುತ್ತೆ ಕಣೋ" ಅಂದು ಮುಂದೆ ಹೋದೆ. ಉಳಿದ ಉತ್ತರ ಇಲ್ಲಿದೆ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಅಮೆರಿಕದ ಸಿನ್ಸಿನಾಟಿಯ ಹೊರಭಾಗದಲ್ಲಿ ಇರುವವನು. ಟಾಪ್ಸ್ ಕಂಪನಿ 1972ರಲ್ಲಿ ತಂದ ಬೇಸ್‌ಬಾಲ್ ಕಾರ್ಡುಗಳ ಪೂರ್ತಿ ಸೆಟ್ ಜೋಡಿಸುತ್ತಿದ್ದೇನೆ. ಒಟ್ಟು 787 ಕಾರ್ಡು. ಆಗ ಹತ್ತು ಸೆಂಟಿನ ಪೊಟ್ಟಣದಲ್ಲಿ ಬಬಲ್ ಗಮ್ ಜೊತೆ ಬರುತ್ತಿದ್ದ ರಟ್ಟಿನ ಚಿತ್ರಗಳು ಇವು. ಮೇಲೆ ತಂಡದ ಹೆಸರು ಹಳೇ ಟಾಕೀಸಿನ ಬೋರ್ಡಿನ ಹಾಗೆ ಕಮಾನಾಗಿ, ಕಣ್ಣಿಗೆ ಹೊಡೆಯುವ ಬಣ್ಣದಲ್ಲಿ. ಹಿಂದೆ ಆಟಗಾರನ ವರ್ಷವಾರು ಲೆಕ್ಕ. ಚಿಕ್ಕಂದಿನಲ್ಲಿ ನಾವು ಬೆಂಕಿಪೊಟ್ಟಣದ ಲೇಬಲ್ ಕೂಡಿಡುತ್ತಿದ್ದೆವಲ್ಲ, ಅದೇ ಹುಚ್ಚು. ನಂಬರ್ ಇರುವುದರಿಂದ ಇದರಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಅಷ್ಟೇ.

1972 ನಾನು ಹುಟ್ಟಿದ ವರ್ಷ. ಆದರೆ ಶುರುವಾಗಿದ್ದು ಅದರಿಂದಲ್ಲ. ಪಕ್ಕದ ಮನೆಯವರು ಗ್ಯಾರೇಜ್ ಸೇಲ್ ಇಟ್ಟಿದ್ದರು. ನಾನು ಹೋಗಿದ್ದು ಏಣಿ ಕೊಳ್ಳಲು. ಏಣಿ ಯಾರೋ ಆಗಲೇ ಒಯ್ದಿದ್ದರು, ಒಂದು ಶೂ ಡಬ್ಬ ಉಳಿದಿತ್ತು. ಒಳಗೆ 231 ಕಾರ್ಡು. "ನನ್ನಮ್ಮ ಕಸಕ್ಕೆ ಹಾಕದೆ ಬಿಟ್ಟಿದ್ದು ಇದೊಂದೇ" ಅಂದರು ಅವರು. ಇಲ್ಲಿ ಆ ವಯಸ್ಸಿನ ಗಂಡಸರಲ್ಲಿ ಅರ್ಧಕ್ಕರ್ಧ ಜನ ಹೇಳುವ ಮಾತು ಅದು.

ಮನೆಗೆ ತಂದು ನಂಬರ್ ಪ್ರಕಾರ ಜೋಡಿಸಿದಾಗ ಒಂದು ವಿಚಿತ್ರ ಕಂಡಿತು. ಆ ಕಾಲದಲ್ಲಿ ಟಾಪ್ಸ್ ಎಲ್ಲ ಕಾರ್ಡನ್ನೂ ಒಟ್ಟಿಗೆ ಬಿಡುತ್ತಿರಲಿಲ್ಲ. ವಸಂತದಿಂದ ಬೇಸಿಗೆಯ ಕೊನೆವರೆಗೆ ಆರು ಕಂತು. ಇಲ್ಲಿ ಅದಕ್ಕೆ ಸೀರೀಸ್ ಎನ್ನುತ್ತಾರೆ. ನನ್ನ ಡಬ್ಬದಲ್ಲಿ ಮೊದಲ ಸೀರೀಸಿನವು 90ಕ್ಕೂ ಜಾಸ್ತಿ. ಆಮೇಲೆ ಇಳಿಯುತ್ತಾ ಇಳಿಯುತ್ತಾ ಐದನೆಯದರಲ್ಲಿ ಬರೀ 11. ಆರನೆಯದು, ಅಂದರೆ 657ರಿಂದ 787ರವರೆಗಿನ 131 ಕಾರ್ಡುಗಳಲ್ಲಿ, ಒಂದೂ ಇಲ್ಲ. ಹತ್ತು ವರ್ಷದ ಹುಡುಗನ ಒಂದು ಬೇಸಿಗೆ ಹೇಗೆ ಕರಗಿತು ಅಂತ ಡಬ್ಬವೇ ಹೇಳುತ್ತಿತ್ತು. ಕೊನೆಯ ಸೀರೀಸ್ ಅಂಗಡಿಗೆ ಬರುವಷ್ಟರಲ್ಲಿ ಶಾಲೆ ಶುರು, ಫುಟ್‌ಬಾಲ್ ಶುರು. ಮಕ್ಕಳು ಕೊಳ್ಳುವುದಿಲ್ಲ ಅಂತ ಅಂಗಡಿಯವನು ತರಿಸುವುದಿಲ್ಲ. ಅವನು ತರಿಸುವುದಿಲ್ಲ ಅಂತ ಕಂಪನಿ ಕಡಿಮೆ ಅಚ್ಚು ಹಾಕುತ್ತದೆ. ಇವತ್ತು 'ಹೈ ನಂಬರ್' ಅಂದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕಾಗಿರುವುದು ಅದಕ್ಕೇ.

ಡಬ್ಬದಲ್ಲಿದ್ದ ಇನ್ನೊಂದು ವಸ್ತು 604ನೇ ಕಾರ್ಡು. ಅದು ಆಟಗಾರನದ್ದಲ್ಲ, ಚೆಕ್‌ಲಿಸ್ಟ್. ಮುಂದಿನ ಸೀರೀಸಿನಲ್ಲಿ ಯಾರ್ಯಾರು ಬರುತ್ತಾರೆ ಅನ್ನುವ ಪಟ್ಟಿ, ಪಕ್ಕದಲ್ಲಿ ಟಿಕ್ ಹಾಕಲು ಪುಟ್ಟ ಚೌಕ. ಡಬ್ಬದಲ್ಲಿದ್ದ ಬೇರೆ ಚೆಕ್‌ಲಿಸ್ಟುಗಳ ಮೇಲೆಲ್ಲ ಪೆನ್ಸಿಲ್ ಗೀಟು. 604 ಮಾತ್ರ ಖಾಲಿ. ಟಿಕ್ ಹಾಕಲು ಅವನಿಗೆ ಒಂದು ಕಾರ್ಡೂ ಸಿಕ್ಕಿರಲಿಲ್ಲ. ಗೀಟಿಲ್ಲದ ಚೆಕ್‌ಲಿಸ್ಟಿಗೆ ಬೆಲೆ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಖುಷಿಯಾಯಿತು. ಆಗ ನನ್ನ ತಲೆ ಹಾಗೆಯೇ ಓಡುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಹುರುಪು ಉಳಿಸಿಕೊಳ್ಳುವುದು ಹೇಗೆ ಅಂತ ಹಳಬರನ್ನು ಕೇಳಿದರೆ ಸಿಗುವ ಮೊದಲ ಸಲಹೆ, ದೊಡ್ಡ ಆಟಗಾರರನ್ನು ಮೊದಲು ಕೊಂಡುಬಿಡು, ಅವರ ಬೆಲೆ ಏರುತ್ತಲೇ ಇರುತ್ತದೆ ಅನ್ನುವುದು. ದುಡ್ಡಿನ ಲೆಕ್ಕದಲ್ಲಿ ಸರಿ. ನಾನೂ ಅದನ್ನೇ ಮಾಡಿದೆ. ಎರಡು ವರ್ಷದಲ್ಲಿ ವಿಲ್ಲಿ ಮೇಸ್, ಹ್ಯಾಂಕ್ ಆರನ್, ಕ್ಲೆಮೆಂಟೆ, ನೋಲನ್ ರಯಾನ್ ಎಲ್ಲ ಬಂದರು. ಆಮೇಲೆ ಉಳಿದವರು ಯಾರು? ಹೆಸರೇ ಕೇಳಿರದ ಮುನ್ನೂರು ಚಿಲ್ಲರೆ ಮುಖಗಳು. 'ಕಾಮನ್' ಅಂತ ಕರೆಯುತ್ತಾರೆ ಇವರನ್ನು. ಒಂದೆರಡು ಡಾಲರಿಗೆ ಸಿಗುತ್ತಾರೆ, ಆದರೆ ಕೊಳ್ಳಲು ಮನಸ್ಸೇ ಬಾರದು. ಊಟಕ್ಕೆ ಕೂತವನು ಹೋಳಿಗೆ ಪಾಯಸ ಮೊದಲೇ ಮುಗಿಸಿ ಬರೀ ಅನ್ನದ ಮುಂದೆ ಕೂತ ಹಾಗೆ. ದುಡ್ಡು ಉಳಿಯಿತು, ಹುರುಪು ಹೋಯಿತು.

ಎರಡನೇ ತಪ್ಪು ಅಚ್ಚುಕಟ್ಟಿನ ಆಸೆ. ಡಬ್ಬದ ಕಾರ್ಡುಗಳ ಮೂಲೆ ಸವೆದಿತ್ತು. ಜಾನಿ ಬೆಂಚ್ ಅನ್ನುವ ಆಟಗಾರನಂತೂ ಇಲಿ ಕಚ್ಚಿದ ಹಾಗಿದ್ದ. ನಾನು ಕೊಂಡವು ಚೂಪು ಮೂಲೆಯವು. ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಚುಚ್ಚುತ್ತಿತ್ತು. ಸರಿ, ಇದ್ದದ್ದನ್ನೇ ಇನ್ನೂ ಒಳ್ಳೆಯದರಿಂದ ಬದಲಿಸುತ್ತಾ ಹೋದೆ. ಒಂದು ವರ್ಷ ಪೂರ್ತಿ ದುಡ್ಡು ಸುರಿದೆ, ಲೆಕ್ಕ ಒಂದಂಕಿ ಮುಂದೆ ಹೋಗಲಿಲ್ಲ. "ರೀ, ಈ ಮನುಷ್ಯ ಆಗಲೇ ಇದ್ದನಲ್ಲ?" ಅಂದಳು ಹೆಂಡತಿ. ಇದ್ದ. ಅದೇ ಟೋಪಿ, ಅದೇ ಪೆಚ್ಚು ನಗು.

ಮೂರನೆಯದು ಕೋವಿಡ್ ಕಾಲ. 2020, 21ರಲ್ಲಿ ಎಲ್ಲರೂ ಮನೆಯಲ್ಲಿ ಕೂತು ಅಟ್ಟದ ಡಬ್ಬ ಇಳಿಸಿದರು. ಕಾರ್ಡಿನ ಬೆಲೆ ಸರ್ರನೆ ಏರಿತು. ನಾನು ಕಾರ್ಡು ನೋಡುವುದು ಬಿಟ್ಟು ಬೆಲೆ ನೋಡಲು ಶುರು ಮಾಡಿದೆ. ಬೆಳಗ್ಗೆ ಎದ್ದರೆ ಫೋನಿನಲ್ಲಿ ನಿನ್ನೆಯ ಹರಾಜು. ನಿಜ ಹೇಳುತ್ತೇನೆ, ಹವ್ಯಾಸ ಸಾಯುವುದು ಹೀಗೆ. ಕಾಯಿಲೆ ಬಂದು ಸಾಯುವುದಲ್ಲ, ಲೆಕ್ಕಪತ್ರ ಬಂದು ಸಾಯುವುದು. 2022ರ ಆಗಸ್ಟಿನಲ್ಲಿ 1952ರ ಮಿಕ್ಕಿ ಮ್ಯಾಂಟಲ್ ಕಾರ್ಡು ಒಂದು 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತಲ್ಲ, ಆ ಸುದ್ದಿ ಓದುವ ಹೊತ್ತಿಗೆ ನಾನು ಹದಿನಾಲ್ಕು ತಿಂಗಳಿಂದ ಒಂದು ಕಾರ್ಡೂ ಕೊಂಡಿರಲಿಲ್ಲ. ಇದೇ ಒಳ್ಳೇ ಸಮಯ, ಎಲ್ಲವನ್ನೂ ಮಾರಿಬಿಡೋಣ ಅಂದುಕೊಂಡೆ.

ಮಾರಬೇಕು ಅಂದರೆ ಒಂದೊಂದನ್ನೂ ಎರಡೂ ಕಡೆ ಸ್ಕ್ಯಾನ್ ಮಾಡಬೇಕು, ಮಡಿಕೆ ಇದೆಯಾ, ಕಲೆ ಇದೆಯಾ ಬರೆಯಬೇಕು. ಹಿಂಬದಿ ಓದಿದ್ದು ಆಗಲೇ. ಆರು ವರ್ಷದಲ್ಲಿ ಮೊದಲ ಸಲ! 1972ರ ಕಾರ್ಡಿನ ಹಿಂದೆ ದೊಡ್ಡ ಲೀಗಿನದ್ದು ಮಾತ್ರವಲ್ಲ, ಚಿಕ್ಕ ಲೀಗಿನ ಲೆಕ್ಕವೂ ಇದೆ. ಒಬ್ಬೊಬ್ಬ ಏಳೆಂಟು ವರ್ಷ ಯಾವ್ಯಾವುದೋ ಸಣ್ಣ ಊರಿನಲ್ಲಿ ಆಡಿ, ದೊಡ್ಡ ತಂಡಕ್ಕೆ ಹದಿನೈದು ಪಂದ್ಯಕ್ಕೆ ಬಂದು, ಮತ್ತೆ ಅದೇ ಊರಿಗೆ ಹೋಗಿದ್ದಾನೆ. ಸಾಲಾಗಿ ಓದಿದರೆ ವರ್ಗಾವಣೆ ಆದೇಶಗಳ ಹಾಗೆ ಕಾಣುತ್ತದೆ. ನಮ್ಮಪ್ಪ ಸರ್ಕಾರಿ ನೌಕರರು, ನನಗೆ ಆ ಭಾಷೆ ಚೆನ್ನಾಗಿ ಗೊತ್ತು. 33ನೇ ಕಾರ್ಡಿನ ಬಿಲ್ಲಿ ಮಾರ್ಟಿನ್ ಡೆಟ್ರಾಯಿಟ್ ತಂಡದ ಮ್ಯಾನೇಜರ್. ಬ್ಯಾಟಿನ ಮೇಲೆ ಕೈಯಿಟ್ಟು ಕ್ಯಾಮೆರಾಕ್ಕೆ ನಡುಬೆರಳು ತೋರಿಸಿದ್ದಾನೆ. ಅದೂ ಹಾಗೆಯೇ ಅಚ್ಚಾಗಿದೆ. ವರ್ಷಗಟ್ಟಲೆ ನನ್ನ ಬೈಂಡರಿನಲ್ಲಿದ್ದವನು ನನಗೇ ಬೈಯುತ್ತಿದ್ದನೋ ಏನೋ.

ಮಾರುವ ಕೆಲಸ ಅಲ್ಲಿಗೆ ನಿಂತಿತು. ಆದರೆ ಮತ್ತೆ ಕೊಳ್ಳುವಂತೆ ಮಾಡಿದ್ದು 84ನೇ ಹಾಳೆ.

ಕಾರ್ಡುಗಳನ್ನು ನಾವು ಇಡುವುದು ಒಂಬತ್ತು ಕಿಸೆಯ ಪ್ಲಾಸ್ಟಿಕ್ ಹಾಳೆಯಲ್ಲಿ. ಮೂರು ಸಾಲು, ಸಾಲಿಗೆ ಮೂರು. 787 ಕಾರ್ಡಿಗೆ 88 ಹಾಳೆ, ಕೊನೆಯದರಲ್ಲಿ ನಾಲ್ಕೇ ಕಾರ್ಡು. ಲೆಕ್ಕ ಹಾಕಿದರೆ 84ನೆಯದು 748ರಿಂದ 756. ಅದರ ನಡುವಿನ ಸಾಲು, ಕೆಳಗಿನ ಸಾಲು ಎರಡೂ 'ಟ್ರೇಡೆಡ್' ಕಾರ್ಡುಗಳು. ಅಂದರೆ ಆ ಚಳಿಗಾಲದಲ್ಲಿ ತಂಡ ಬದಲಿಸಿದವರು. ಹಳೇ ತಂಡದಲ್ಲಿ ಒಂದು ಕಾರ್ಡು ಆಗಲೇ ಬಂದಿದ್ದ ಕೆಲವರಿಗೆ ಟಾಪ್ಸ್ ಹೊಸ ಸಮವಸ್ತ್ರದಲ್ಲಿ ಇನ್ನೊಂದು ಕೊಟ್ಟಿತು. ಫೋಟೋ ಮೇಲೆ ಅಡ್ಡಡ್ಡ ಮುದ್ರೆ ಒತ್ತಿದ ಹಾಗೆ ದೊಡ್ಡ ಅಕ್ಷರ.

ನಡುವಿನ ಸಾಲಿನ ಮೊದಲ ಕಿಸೆ, 751, ಸ್ಟೀವ್ ಕಾರ್ಲ್ಟನ್. ಕೆಳಗಿನ ಸಾಲಿನ ಕೊನೆಯದು, 756, ರಿಕ್ ವೈಸ್. ಇವರಿಬ್ಬರನ್ನೇ ಒಬ್ಬರಿಗೊಬ್ಬರು ಅದಲುಬದಲು ಮಾಡಿದ್ದು. ಇಬ್ಬರೂ ಪಿಚರ್, ಅಂದರೆ ಚೆಂಡು ಎಸೆಯುವವರು. ತಂಡ ಗೆದ್ದರೆ ಆ ಗೆಲುವು ಒಬ್ಬ ಪಿಚರ್ ಲೆಕ್ಕಕ್ಕೆ ಹೋಗುತ್ತದೆ. ವೈಸ್ ಸಾಮಾನ್ಯನಲ್ಲ. ಹಿಂದಿನ ವರ್ಷ ನಮ್ಮೂರಿನ ರೆಡ್ಸ್ ತಂಡಕ್ಕೆ ನಮ್ಮೂರಿನಲ್ಲೇ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ್ದ, ಜೊತೆಗೆ ತಾನೇ ಎರಡು ಹೋಮ್ ರನ್ ಬಾರಿಸಿದ್ದ. ಬೌಲರ್ ಒಬ್ಬ ಹತ್ತು ವಿಕೆಟ್ ಕಿತ್ತು ಶತಕವನ್ನೂ ಹೊಡೆದ ಹಾಗೆ ಅಂದುಕೊಳ್ಳಿ. ಅಂಥವನನ್ನು ಕೊಟ್ಟು ಕಾರ್ಲ್ಟನ್‌ನನ್ನು ತಂದ ಫಿಲಡೆಲ್ಫಿಯಾ 1972ರಲ್ಲಿ ಗೆದ್ದಿದ್ದು ಬರೀ 59 ಪಂದ್ಯ. ಅದರಲ್ಲಿ 27 ಕಾರ್ಲ್ಟನ್ ಒಬ್ಬನ ಲೆಕ್ಕಕ್ಕೆ! ವೈಸ್ ಪಕ್ಕದ ಕಿಸೆಯಲ್ಲಿ ಜಿಮ್ ಫ್ರೆಗೋಸಿ. ಇವನನ್ನು ಪಡೆಯಲು ನ್ಯೂಯಾರ್ಕ್ ಮೆಟ್ಸ್ ಬಿಟ್ಟುಕೊಟ್ಟವರಲ್ಲಿ ನೋಲನ್ ರಯಾನ್ ಒಬ್ಬ. ಮೆಟ್ಸ್ ಅಭಿಮಾನಿಗಳ ಎದುರು ಇವತ್ತಿಗೂ ಆ ಮಾತು ಎತ್ತಬೇಡಿ. ನಡುವಿನ ಸಾಲಿನ ಕೊನೆಯಲ್ಲಿ ಡೆನ್ನಿ ಮೆಕ್ಲೇನ್, ಇವನೂ ಪಿಚರ್. 1968ರಲ್ಲಿ 31 ಪಂದ್ಯ ಗೆದ್ದವನು. ಅಲ್ಲಿಂದೀಚೆಗೆ ಒಂದು ಸೀಸನ್ನಿನಲ್ಲಿ 30 ಮುಟ್ಟಿದವರೇ ಇಲ್ಲ. ಒಂದು ಹಾಳೆಯಲ್ಲಿ ಎಷ್ಟು ಮನೆ ಮುರಿದಿವೆ ನೋಡಿ.

ನನ್ನ ಹತ್ತಿರ ಆಗ ಆ ಹಾಳೆಯಲ್ಲಿ ಇದ್ದದ್ದು ಎರಡೇ ಕಾರ್ಡು. 787 ಅನ್ನುವ ಸಂಖ್ಯೆ ಮರೆತು ಆ ಒಂಬತ್ತರ ಹಿಂದೆ ಬಿದ್ದೆ. ಏಳು ತಿಂಗಳು ಹಿಡಿಯಿತು. ಕೊನೆಗೆ ಬಂದವನು ಕಾರ್ಲ್ಟನ್, ಮೂಲೆ ಮಡಿಸಿಕೊಂಡೇ ಬಂದ. ಹಾಳೆ ತುಂಬಿದ ರಾತ್ರಿ ಸುಮ್ನೆ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ. ಅಂದಿನಿಂದ ನನ್ನ ಪಟ್ಟಿ ಹಾಳೆ ಲೆಕ್ಕದಲ್ಲಿದೆ. ಒಂದು ಹಾಳೆಯಲ್ಲಿ ದೊಡ್ಡವನೂ ಇರುತ್ತಾನೆ, ಯಾರೂ ಅಲ್ಲದವನೂ ಇರುತ್ತಾನೆ. ಪಾಯಸ, ಅನ್ನ ಒಂದೇ ಎಲೆಯಲ್ಲಿ. ಮೂಲೆ ಸವೆದಿದ್ದರೂ ಪರವಾಗಿಲ್ಲ, ಸೆಟ್ ಮುಗಿಯುವವರೆಗೆ ಬದಲಿಸುವಂತಿಲ್ಲ. ತಿಂಗಳಿಗೆ 40 ಡಾಲರ್, ಉಳಿದರೆ ಮುಂದಿನ ತಿಂಗಳಿಗೆ. ಬೆಲೆ ತೋರಿಸುವ ಆ್ಯಪ್ ಫೋನಿನಿಂದ ತೆಗೆದಿದ್ದೇನೆ.

ಬೇಜಾರು ಪೂರ್ತಿ ಹೋಗಿದೆ ಅಂತಲ್ಲ. ಹೋದ ವರ್ಷ ಆನ್‌ಲೈನಿನಲ್ಲಿ 695ನೇ ಕಾರ್ಡು, ರಾಡ್ ಕ್ಯಾರೂ, ಕೊಂಡೆ. ಬಂದದ್ದನ್ನು ಕಿಸೆಗೆ ಹಾಕಿದರೆ ಒಳಗೆ ಕುಣಿಯುತ್ತಿತ್ತು. ಎರಡೂವರೆ ಇಂಚು ಅಗಲ ಇರಬೇಕಾದದ್ದು ಕಿರಿದಾಗಿತ್ತು. ಅಂಚು ಚೂಪಾಗಿ ಕಾಣಲಿ ಅಂತ ಯಾರೋ ಬ್ಲೇಡಿನಲ್ಲಿ ಕತ್ತರಿಸಿದ್ದರು. ಮಾರಿದವನು ಮೆಸೇಜಿಗೆ ಉತ್ತರವನ್ನೇ ಕೊಡಲಿಲ್ಲ. ಮೂರು ವಾರ ಬೈಂಡರ್ ಮುಟ್ಟಲಿಲ್ಲ ನಾನು. ಮುಟ್ಟದಿರುವುದೂ ಒಳ್ಳೆಯದೇ ಅಂತ ಈಗ ಅನಿಸುತ್ತದೆ. ಒಂದೇ ಸಮ ಓಡುವ ಹುರುಪು ಯಾರಿಗಿದೆ ಹೇಳಿ?

ಇನ್ನೊಂದು ವಿಷಯ. ಪಕ್ಕದ ಮನೆಯವರಿಗೆ ಈಗ 63. ಮೊನ್ನೆ ಭಾನುವಾರ ಅವರನ್ನು ಕಾಫಿಗೆ ಕರೆದಿದ್ದೆ. ಇಷ್ಟು ವರ್ಷ ಡಬ್ಬದ ಕಾರ್ಡು ಏನಾಯಿತು ಅಂತ ಅವರು ಕೇಳಿರಲಿಲ್ಲ, ನಾನೂ ತೋರಿಸಿರಲಿಲ್ಲ. ಇಲಿ ಕಚ್ಚಿದಂಥ ಬೆಂಚ್ ಕಂಡು ನಕ್ಕರು. 15ನೇ ಹಾಳೆಯಲ್ಲಿ ಜೋ ಮಾರ್ಗನ್ ಬಂದ, 132ನೇ ಕಾರ್ಡು, ಹ್ಯೂಸ್ಟನ್ ತಂಡದ ಹೆಸರಿನಲ್ಲಿ. ಮಾರ್ಗನ್ ಆ ವರ್ಷ ರೆಡ್ಸ್‌ಗೆ ಬಂದು ಅವರ ಕಣ್ಮಣಿಯಾದವನು. "ಬೇಸಿಗೆ ಪೂರ್ತಿ ನನಗೆ ಇದೇ ಸಿಟ್ಟು. ಅವನು ನಮ್ಮವನು, ನನ್ನ ಹತ್ತಿರ ಇದ್ದದ್ದು ಹ್ಯೂಸ್ಟನ್ ಕಾರ್ಡು" ಅಂದರು. ನಾನು ಮಾತಾಡದೆ 84ನೇ ಹಾಳೆಗೆ ತಿರುಗಿಸಿದೆ. ನಟ್ಟನಡುವಿನ ಕಿಸೆ, 752, ರೆಡ್ಸ್ ಸಮವಸ್ತ್ರದ ಜೋ ಮಾರ್ಗನ್.

ಅವರು ಆ ಕಾರ್ಡನ್ನು ನೋಡಿಯೇ ಇರಲಿಲ್ಲವಂತೆ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹಾಳೆ ಹಾಳೆ ತಿರುಗಿಸಿ ಕೊನೆಯ ಕಾರ್ಡಿಗೆ ಬಂದರು. 787, ರಾನ್ ರೀಡ್. ಬೆಲೆಯ ಪಟ್ಟಿಯಲ್ಲಿ ಇವನೂ ಕಾಮನ್. "ಇವನು ಡೆಟ್ರಾಯಿಟ್ ಪಿಸ್ಟನ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಆಡಿದ್ದ ಗೊತ್ತಾ? ಆರನ್ 715ನೇ ಹೋಮ್ ರನ್ ಹೊಡೆದು ದಾಖಲೆ ಮುರಿದ ದಿನ ಗೆದ್ದ ಪಿಚರ್ ಇವನೇ" ಅಂದರು. ನನಗೆ ಮೊದಲನೆಯದು ಗೊತ್ತಿತ್ತು, ಎರಡನೆಯದು ಗೊತ್ತಿರಲಿಲ್ಲ.

ಹೊರಡುವ ಮುಂಚೆ 68ನೇ ಹಾಳೆಗೆ ಹಿಂದಿರುಗಿ, 604ನ್ನು ಕಿಸೆಯಿಂದ ಈಚೆ ತೆಗೆದು, ಖಾಲಿ ಚೌಕಗಳನ್ನು ತುಂಬಾ ಹೊತ್ತು ನೋಡಿದರು. "ಪೆನ್ಸಿಲ್ ಇದೆಯಾ?" ಅಂತ ಕೇಳಿದರು.

ಕೊಟ್ಟೆ. 85 ಟಿಕ್ ಹಾಕಲು ಒಂದು ಗಂಟೆ ಬೇಕಾಯಿತು, ಯಾಕೆಂದರೆ ಪ್ರತಿಯೊಂದಕ್ಕೂ ಬೈಂಡರ್ ತಿರುಗಿಸಿ ಮುಖ ನೋಡಿಯೇ ಹಾಕಿದರು. ಕಾರ್ಡಿನ ಬೆಲೆ ಅಲ್ಲಿಗೆ ಬಿತ್ತು. ಕಾಫಿ ಎರಡು ಸಲ ಆಯಿತು. ಈ ಶನಿವಾರದ ಕಾರ್ಡ್ ಶೋಗೆ ಅವರೂ ಬರುತ್ತಾರಂತೆ.

ಇನ್ನೂ 46 ಬಾಕಿ ಇದೆ. ಕತ್ತರಿಸದ 695 ಯಾರ ಹತ್ತಿರವಾದರೂ ಇದ್ದರೆ ಮೆಸೇಜ್ ಮಾಡಿ. ಮೂಲೆ ಸವೆದಿದ್ದರೂ ನಡೆಯುತ್ತೆ.